‘ಚಲನ ನಿಯಂತ್ರಣ’ ಎಂದರೆ ಯಾವುದರ ನಿಯಂತ್ರಣ?

ಗೇಮ್ ಕನ್ಸೋಲ್‌ಗಳ ಪೈಪೋಟಿಯ ಬಗ್ಗೆ ಕನ್ನಡದಲ್ಲಿ ಲೇಖನ ಬರೆಯುತ್ತಿದ್ದೇನೆ. ‘ಮೋಷನ್ ಕಂಟ್ರೋಲ್’, ಅಂದರೆ ಬರೀ ಗುಂಡಿ ಒತ್ತುವ ಬದಲು ಮೈಕೈ ಆಡಿಸಿ ಗೇಮ್ ಆಡುವ ವಿಧಾನ, ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬಲ್ಲಿ ಬರವಣಿಗೆ ನಿಂತುಬಿಟ್ಟಿದೆ. ಬಲ್ಲವರು ದಯವಿಟ್ಟು ನೆರವಾಗಬೇಕು.

‘ಚಲನ ನಿಯಂತ್ರಣ’ ಎಂದು ಬರೆದರೆ ಓದುವವರು ಅದನ್ನು ‘ಚಲನೆಯ ನಿಯಂತ್ರಣ’ ಎಂದು ಷಷ್ಠೀ ತತ್ಪುರುಷವಾಗಿಯೇ ಬಿಡಿಸಿಕೊಳ್ಳುತ್ತಾರೆ. ಕಾರ್ಖಾನೆಯ ಮೋಟಾರು, ರೋಬಾಟಿನ ತೋಳು ಇವುಗಳ ಮಟ್ಟಿಗೆ ಅದು ಸರಿ. ಅಲ್ಲಿ ಹತೋಟಿಗೆ ಒಳಪಡುವುದು ಚಲನೆಯೇ. ಗೇಮಿನಲ್ಲಿ ಆಡುವವರ ಚಲನೆಯಿಂದ ಆಟ ನಡೆಯುತ್ತದೆ. ನಮಗೆ ಬೇಕಾದ್ದು ‘ಚಲನೆಯಿಂದ’ ಎಂಬ ತೃತೀಯೆಯ ಅರ್ಥ, ಸಮಾಸ ಮಾಡಿದ ಕೂಡಲೇ ಅದು ಮರೆಯಾಗುತ್ತದೆ.

‘ಮೈಸನ್ನೆ’ ಎನ್ನಬಹುದೇ? 2010ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ 360ಕ್ಕೆಂದು ಮೈಕ್ರೋಸಾಫ್ಟ್ ತಂದ ಕಿನೆಕ್ಟ್‌ಗೆ ಒಪ್ಪೀತು: ಕೈ ಖಾಲಿ, ಕ್ಯಾಮೆರಾ ಆಡುವವರ ಮೈಯನ್ನೇ ಗಮನಿಸುತ್ತದೆ. 2006ರಲ್ಲಿ ಬಂದ ನಿಂಟೆಂಡೊ ಕಂಪನಿಯ ಕನ್ಸೋಲ್ ‘ವೀ’ ಬೇರೆ ಬಗೆ. ಅದರ ರಿಮೋಟನ್ನು ಕೈಯಲ್ಲಿ ಹಿಡಿದು ಟೆನಿಸ್ ಆಡುವವರು ಬ್ಯಾಟ್ ಬೀಸಿದಂತೆಯೇ ಬೀಸುತ್ತಾರೆ. ಸನ್ನೆ ಎಂದರೆ ಇನ್ನೊಬ್ಬರಿಗೆ ಏನನ್ನೋ ತಿಳಿಸಲು ಮಾಡುವುದು. ಚೆಂಡು ಹೊಡೆಯುವುದನ್ನು ಸನ್ನೆ ಎನ್ನಲು ನನಗೆ ಮನಸ್ಸಿಲ್ಲ.

ವೀ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ. ಟಿವಿಯ ಮೇಲೋ ಕೆಳಗೋ ಇಡುವ ‘ಸೆನ್ಸರ್ ಬಾರ್’ ಏನನ್ನೂ ಗ್ರಹಿಸುವುದೇ ಇಲ್ಲ. ಅದರ ಎರಡು ತುದಿಗಳಲ್ಲಿ ಕಣ್ಣಿಗೆ ಕಾಣದ ಅವಕೆಂಪು (ಇನ್ಫ್ರಾರೆಡ್) ಬೆಳಕಿನ ದೀಪಗಳಿವೆ, ಅಷ್ಟೇ. ಆ ಬೆಳಕನ್ನು ನೋಡುವ ಕ್ಯಾಮೆರಾ ಇರುವುದು ರಿಮೋಟಿನ ಮೂತಿಯಲ್ಲಿ. ಬೀಸಿದ್ದು, ಓರೆ ಮಾಡಿದ್ದು ತಿಳಿಯುವುದು ರಿಮೋಟಿನ ಒಳಗಿನ, ವೇಗದ ಬದಲಾವಣೆಯನ್ನು ಅಳೆಯುವ ಆಕ್ಸೆಲೆರೋಮೀಟರಿನಿಂದ. ‘ಸಂವೇದಕ ಪಟ್ಟಿ’ ಎಂದು ಬರೆದರೆ ಹೆಸರಿನ ತಪ್ಪು ಕನ್ನಡಕ್ಕೂ ಬರುತ್ತದೆ. ‘ದೀಪಪಟ್ಟಿ’ ಎಂದೇ ಬರೆಯೋಣವೆಂದಿದ್ದೇನೆ.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ‘ಆಕ್ಸೆಸರಿ’. ‘ಬಿಡಿಭಾಗ’ ಎಂದರೆ ಕೆಟ್ಟುಹೋದಾಗ ಬದಲಿಸುವ ಭಾಗ, ಅದು ಬೇಡ. ‘ಪರಿಕರ’ ಸರಿಯೆನಿಸಿದರೂ ಈ ಪೈಪೋಟಿಯ ತಿರುಳನ್ನೇ ಮುಚ್ಚಿಬಿಡುತ್ತದೆ. ಕನ್ಸೋಲಿನ ಜೊತೆಗೇ ಬರುವುದಕ್ಕೂ ಆಮೇಲೆ ಬೇರೆಯಾಗಿ ಕೊಳ್ಳುವುದಕ್ಕೂ ಇರುವ ಅಂತರ ಸಣ್ಣದಲ್ಲ. ವೀ ರಿಮೋಟ್ ಪ್ರತಿ ವೀ ಜೊತೆಗೂ ಬರುತ್ತಿತ್ತು. ಹಾಗಾಗಿ ಗೇಮ್ ಮಾಡುವವರು ಎಲ್ಲರ ಕೈಯಲ್ಲೂ ಅದು ಇದೆಯೆಂದು ಧೈರ್ಯವಾಗಿ ನಂಬಬಹುದಿತ್ತು. ವೀ 10 ಕೋಟಿಗೂ ಹೆಚ್ಚು ಮಾರಾಟವಾಯಿತು. ಎದುರಾಳಿಗಳಿಗಿಂತ ಕಡಿಮೆ ಬೆಲೆಯೂ ಅದಕ್ಕೆ ನೆರವಾಯಿತೆನ್ನಿ. ಸೋನಿಯ ಪ್ಲೇಸ್ಟೇಷನ್ ಮೂವ್ (ಇದೂ ಕೈಯಲ್ಲಿ ಹಿಡಿದು ಆಡುವಂಥದ್ದು), ಕಿನೆಕ್ಟ್ ಎರಡೂ ಬಂದದ್ದು 2010ರಲ್ಲಿ, ಆ ಹೊತ್ತಿಗೆ ಕೋಟ್ಯಂತರ ಮನೆಗಳಲ್ಲಿ ಕನ್ಸೋಲ್ ಆಗಲೇ ಇತ್ತು. ಕಿನೆಕ್ಟ್ ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಯಿತು, ನಿಜ. ಆದರೂ ಅದನ್ನು ಕೊಳ್ಳದವರ ಸಂಖ್ಯೆ ದೊಡ್ಡದಿತ್ತು. ಅವರನ್ನು ಬಿಟ್ಟು ದೊಡ್ಡ ಗೇಮ್ ಮಾಡಲು ಯಾರು ಮುಂದಾಗುತ್ತಾರೆ?

2013ರಲ್ಲಿ ಮೈಕ್ರೋಸಾಫ್ಟ್ ಹೊಸ ಕಿನೆಕ್ಟನ್ನು ತನ್ನ ಮುಂದಿನ ಕನ್ಸೋಲ್ ಎಕ್ಸ್‌ಬಾಕ್ಸ್ ಒನ್ ಜೊತೆಗೇ ಕಡ್ಡಾಯವಾಗಿ ಸೇರಿಸಿತು. ಬೆಲೆ 499 ಡಾಲರ್ ಆಯಿತು, ಸೋನಿಯ ಕನ್ಸೋಲ್ ಪ್ಲೇಸ್ಟೇಷನ್ 4 ಸಿಕ್ಕಿದ್ದು 399ಕ್ಕೆ. ಮರುವರ್ಷದ ಜೂನ್‌ನಲ್ಲಿ ಕಿನೆಕ್ಟ್ ಇಲ್ಲದ ಎಕ್ಸ್‌ಬಾಕ್ಸ್ ಒನ್ ಕೂಡ 399 ಡಾಲರಿಗೆ ಇಳಿಯಿತು. ಮೂರು ವರ್ಷದ ಹಿಂದೆ ಗಿರಾಕಿಗಳನ್ನು ಸೆಳೆದಿದ್ದ ಸಲಕರಣೆ ಈಗ ಬೆಲೆ ಏರಿಸುವ ಹೊರೆಯಾಗಿತ್ತು. ಈ ಎರಡು ಸ್ಥಿತಿಗೂ ‘ಪರಿಕರ’ ಎಂದೇ ಬರೆದರೆ ಏನು ನಡೆಯಿತೆಂದು ಓದುವವರಿಗೆ ತಿಳಿಯುವುದಿಲ್ಲ. ‘ಜೊತೆ ಸಲಕರಣೆ’, ‘ಹೆಚ್ಚುವರಿ ಸಲಕರಣೆ’ ಎಂದು ಬೇರೆ ಮಾಡಿದರೆ ಸ್ಪಷ್ಟವಾದೀತೇ? ‘ಜೊತೆ’ ಎಂದಾಗ ಎರಡರ ಜೋಡಿ ಎಂಬ ಅರ್ಥ ಅಡ್ಡ ಬರುತ್ತದೆಯೇ?

‘ಸ್ಪರ್ಧೆ’ ಬಿಟ್ಟು ‘ಪೈಪೋಟಿ’ ಬಳಸಿದ್ದಕ್ಕೆ ಕಾರಣವಿದೆ: ಗೇಮಿನ ಒಳಗೂ ಸ್ಪರ್ಧೆ ಇರುತ್ತದಲ್ಲ, ಮಾರುಕಟ್ಟೆಯದಕ್ಕೆ ಬೇರೆ ಪದ ಇರಲಿ ಎಂದು.

ಮೊದಲಿನ ತೊಡಕಿಗೆ ಸದ್ಯ ಸಮಾಸವನ್ನೇ ಬಿಡಿಸಿ ‘ಮೈ ಆಡಿಸಿ ಆಡುವ ಗೇಮ್’ ಎಂದು ಬರೆದಿದ್ದೇನೆ. ವಾಕ್ಯದೊಳಗೆ ಚೆನ್ನಾಗಿ ಕೂರುತ್ತದೆ. ತಲೆಬರಹಕ್ಕೆ ಮಾತ್ರ ಒಂದು ನಾಮಪದ ಬೇಕು. ರಿಮೋಟ್ ಬೀಸುವುದಕ್ಕೂ ಬರಿಗೈಯಲ್ಲಿ ಆಡುವುದಕ್ಕೂ ಹೊಂದುವ ಪದ ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ತಿಳಿಸಿ.