ಕೊಲೆ ಪ್ರಕರಣವೆಂದು ಪೆರೋಲ್ ಸಿಗಲಿಲ್ಲ, ಅನುಭವ ಇದ್ದವರು ತಿಳಿಸಿ

ಅಣ್ಣನಿಗೆ ಕೊಲೆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾಗಿ ಆರು ವರ್ಷವಾಯಿತು. ಅಮ್ಮನ ಹೃದಯದ ಶಸ್ತ್ರಚಿಕಿತ್ಸೆಗೆಂದು ಪೆರೋಲ್ ಕೇಳಿದ್ದೆವು. ‘ಅಪರಾಧ ಗಂಭೀರ ಸ್ವರೂಪದ್ದು’ ಎಂದು ತಿರಸ್ಕರಿಸಿದ್ದಾರೆ. ಬೇರೆ ದಾರಿ ಇದೆಯೇ?

*

ತಂಗಿ, ನನ್ನ ಗಂಡನದೂ ಅದೇ ಕೊಲೆಯ ಸೆಕ್ಷನ್ 302. ಮೊದಲ ಅರ್ಜಿ ಬಿದ್ದುಹೋದಾಗ ಸೆಕ್ಷನ್ ನೋಡಿಯೇ ಬೇಡವೆಂದರು ಅಂದುಕೊಂಡಿದ್ದೆ. ವಕೀಲರು ಠಾಣೆಯ ವರದಿ ತರಿಸಿದರೆ ಅದರಲ್ಲಿದ್ದದ್ದು ಒಂದೇ ಸಾಲು: ‘ಗ್ರಾಮಕ್ಕೆ ಬಂದಲ್ಲಿ ಶಾಂತಿ ಭಂಗವಾಗುವ ಸಂಭವವಿರುತ್ತದೆ.’ ವಿಚಾರಣೆಗೆ ಬಂದ ಪೇದೆ ನಮ್ಮ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು, ಎದುರುಮನೆಯಲ್ಲಿ ಎರಡು ಮಾತು ಕೇಳಿಕೊಂಡು ಹೋಗಿದ್ದರು. ಎದುರುಮನೆ ಸತ್ತವನ ಚಿಕ್ಕಪ್ಪನದು! ಎರಡನೆಯ ಸಲ ಊರಿನ ವಿಳಾಸವನ್ನೇ ಕೊಡಲಿಲ್ಲ. ಬೇರೆ ತಾಲ್ಲೂಕಿನ ನಾದಿನಿಯ ಮನೆಯಲ್ಲಿರುತ್ತಾರೆ ಎಂದು ಬರೆದೆವು; ಅವಳ ಗಂಡ ಜಾಮೀನು ನಿಂತರು. ಸಿಕ್ಕಿತು. ನೀವೂ ಮೊದಲು ಆ ವರದಿ ಓದಿ.

*

ಈ ಅಕ್ಕ ಹೇಳಿದ್ದು ಸರಿ. ನಾನು ವಕೀಲ. 2017ರ ಅಸ್ಫಾಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿದೆ: ಅಪರಾಧ ಗಂಭೀರ ಎಂಬ ಒಂದೇ ಕಾರಣಕ್ಕೆ ಪೆರೋಲ್ ನಿರಾಕರಿಸುವಂತಿಲ್ಲ. ಪದೇ ಪದೇ ಅಪರಾಧ ಮಾಡುವವನು, ಹೊರಬಂದರೆ ಸಮಾಜಕ್ಕೆ ಅಪಾಯವಾಗುವವನು ಎಂದಾದರೆ ಮಾತು ಬೇರೆ. ಹಾಗೆಂದು ಪೆರೋಲ್ ಹಕ್ಕೂ ಅಲ್ಲ. ಆದೇಶದಲ್ಲಿ ‘ಗಂಭೀರ’ ಎಂಬ ಪದ ಬಿಟ್ಟು ಬೇರೇನೂ ಇಲ್ಲದಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ. 2023ರಲ್ಲಿ ನಮ್ಮ ಹೈಕೋರ್ಟ್ ಕೊಲೆ ಪ್ರಕರಣದ ಕೈದಿಯೊಬ್ಬನಿಗೆ ಮದುವೆಯಾಗಲು 15 ದಿನ ಪೆರೋಲ್ ಕೊಟ್ಟಿದೆ. ತಾಯಿಯ ಶಸ್ತ್ರಚಿಕಿತ್ಸೆ ಅದಕ್ಕಿಂತ ಸಣ್ಣ ಕಾರಣವೇನಲ್ಲ. ವೈದ್ಯರ ಚೀಟಿಯಲ್ಲಿ ದಿನಾಂಕ ಸ್ಪಷ್ಟವಾಗಿರಲಿ.

*

ನಾನು ಆ ಕಡೆಯವಳು. ನನ್ನ ತಮ್ಮನನ್ನು ಕೊಂದವನು ಒಂದು ಬೆಳಿಗ್ಗೆ ನಮ್ಮ ಬೀದಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ನಿಂತಿದ್ದ. ಪೆರೋಲ್ ಮೇಲೆ ಬಂದಿದ್ದನಂತೆ. ನಮಗೆ ಯಾರೂ ಹೇಳಿರಲಿಲ್ಲ. ಹಾಲಿನ ಪಾತ್ರೆ ಅಲ್ಲೇ ಬಿಟ್ಟು ಓಡಿ ಬಂದೆ. ನಿಮ್ಮ ಅಮ್ಮನ ಬಗ್ಗೆ ಮರುಕವಿದೆ. ಆದರೆ ‘ಶಾಂತಿ ಭಂಗ’ ಎಂಬ ಆ ಸಾಲನ್ನು ಪೊಲೀಸರು ಸುಮ್ಮನೆ ಬರೆಯುತ್ತಾರೆ ಎಂದು ಮಾತ್ರ ಹೇಳಬೇಡಿ.

*

ಮೇಲಿನ ಅಕ್ಕನಿಗೆ ಉತ್ತರಿಸಲು ನನ್ನ ಬಳಿ ಮಾತಿಲ್ಲ. ತಂಗಿಗೆ ಒಂದು ಸಲಹೆ: ಪೆರೋಲ್ ಸಿಕ್ಕರೆ ಮರಳುವ ದಿನ ಸಂಜೆಯ ಬಸ್ ನಂಬಬೇಡಿ. ದಾರಿಯಲ್ಲಿ ಬಸ್ ಕೆಟ್ಟು ನನ್ನ ಭಾವ ಒಂದು ರಾತ್ರಿ ತಡವಾಗಿ ಜೈಲು ಸೇರಿದರು. ಮುಂದಿನ ಅರ್ಜಿ ತಿರಸ್ಕಾರವಾದದ್ದು ಕೊಲೆಗಲ್ಲ, ಆ ರಾತ್ರಿಗೆ.