ಅಪ್‌ಡೇಟ್: ಕರು ಹಾಕಿದ ದನದ ಕೆಚ್ಚಲು ಬಾವು

ಕರು ಹಾಕಿದ ವಾರದಲ್ಲೇ ನಮ್ಮ ದನಕ್ಕೆ ಕೆಚ್ಚಲು ಬಾವು ಯಾಕೆ ಬಂತು ಅಂತ ಕೇಳಿದ್ದೆ ಅಲ್ವಾ, ಈಗ ಹುಷಾರಾಗಿದೆ. ಹಿಂದಿನ ಎಡ ತೊಟ್ಟಿನಿಂದ ಮೊಸರಿನ ಚೂರಿನಂತೆ ಬರುತ್ತಿದ್ದದ್ದು ನಿಂತಿದೆ, ಕೆಚ್ಚಲೂ ಮೆತ್ತಗಾಗಿದೆ. ದನದ ಡಾಕ್ಟರು ಹೇಳಿದ್ದು ಇಷ್ಟು: ಕರು ಹಾಕುವ ಹಿಂದೆ ಮುಂದೆ 2-3 ವಾರ ರಕ್ತದ ಬಿಳಿ ಕಣಗಳಿಗೆ ರೋಗಾಣು ಕೊಲ್ಲುವ ಶಕ್ತಿ ಕುಗ್ಗಿರುತ್ತದೆ, ಮೈಯ ಕ್ಯಾಲ್ಸಿಯಂ ಹಾಲಿಗೆ ಹೋಗುತ್ತದೆ, ಆದರೆ ದನ ತಿನ್ನುವುದು ಮಾತ್ರ ಕಡಿಮೆ. ಅದರ ಮೇಲೆ ನಮ್ಮ ಬ್ರಹ್ಮಾವರದ ಕಡೆ ಮಳೆಗಾಲದಲ್ಲಿ ಹಟ್ಟಿ ಒಣಗುವುದೇ ಇಲ್ಲ. ಕರೆದ ಮೇಲೆ ತೊಟ್ಟಿನ ತೂತು ಮುಚ್ಚಲು ಅರ್ಧ ಗಂಟೆಯಾದರೂ ಬೇಕು, ಅಷ್ಟರೊಳಗೆ ದನ ಒದ್ದೆ ನೆಲದಲ್ಲಿ ಮಲಗಿದರೆ ರೋಗಾಣು ಒಳಗೆ ಹೋಗುತ್ತದೆ, ಹಾಗಾಗಿ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಕೂಡಲೇ ಹುಲ್ಲು ಹಾಕಿ ಮಲಗದಂತೆ ನೋಡಿಕೊಳ್ಳುತ್ತೇವೆ. ಔಷಧಿ ನಡೆಯುವಾಗಿನ ಹಾಲನ್ನು ಡಾಕ್ಟರು ಹೇಳುವವರೆಗೆ ಡೈರಿಗೆ ಹಾಕಬೇಡಿ, ದಯವಿಟ್ಟು.