ಅಮೆರಿಕದ ಸಂವಿಧಾನಕ್ಕೆ ಇರೊಕ್ವಾಯ್ ಒಕ್ಕೂಟ ಮಾದರಿಯಾಗಿತ್ತು ಎನ್ನುವುದು ಎಷ್ಟರ ಮಟ್ಟಿಗೆ ನಿಜ?

ಪ್ರಶ್ನೆ: ಬಿಜೈಯ ಅಧ್ಯಾಪಕಿ, ಮಂಗಳೂರು

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಈ ಸೆಮಿಸ್ಟರಿನಲ್ಲಿ ಅಮೆರಿಕದ ಒಕ್ಕೂಟ ವ್ಯವಸ್ಥೆಯ ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿಯೊಬ್ಬ ಎದ್ದು ನಿಂತು, ಇರೊಕ್ವಾಯ್ ಎಂಬ ಮೂಲನಿವಾಸಿಗಳ ಸಂವಿಧಾನವನ್ನೇ ಅಮೆರಿಕದವರು ನಕಲು ಮಾಡಿಕೊಂಡಿದ್ದಾರಂತೆ, ಅದು ಹೌದೇ ಎಂದು ಕೇಳಿದ. ನಮ್ಮ ಪಠ್ಯಪುಸ್ತಕದಲ್ಲಿ ಯುರೋಪಿನ ಚಿಂತಕರಾದ ಲಾಕ್ ಇದ್ದಾನೆ, ಮಾಂಟೆಸ್ಕ್ಯೂ ಇದ್ದಾನೆ, ಇಂಗ್ಲೆಂಡಿನ ಪಾರ್ಲಿಮೆಂಟಿನ ಪರಂಪರೆ ಇದೆ. ಇರೊಕ್ವಾಯ್ ಜನರ ಹೆಸರು ಒಂದು ಕಡೆಯೂ ಇಲ್ಲ. ಅಂತರ್ಜಾಲದಲ್ಲಿ ಹುಡುಕಿದರೆ ಒಂದು ಪಕ್ಷದವರು ಎಲ್ಲವೂ ಅಲ್ಲಿಂದಲೇ ಬಂತು ಎನ್ನುತ್ತಾರೆ, ಇನ್ನೊಂದು ಪಕ್ಷದವರು ಅದೆಲ್ಲ ಕಟ್ಟುಕಥೆ ಎಂದು ತಳ್ಳಿಹಾಕುತ್ತಾರೆ.

ಮುಂದಿನ ತಿಂಗಳು ವಿದ್ಯಾರ್ಥಿಗಳಿಂದ ಇದೇ ವಿಷಯದ ಮೇಲೆ ಒಂದು ವಿಚಾರ ಸಂಕಿರಣ ಮಾಡಿಸಬೇಕೆಂದಿದ್ದೇನೆ. ಆ ಒಕ್ಕೂಟದ ಆಡಳಿತ ನಿಜವಾಗಿ ಹೇಗೆ ನಡೆಯುತ್ತಿತ್ತು, ಪ್ರಭಾವದ ಮಾತಿಗೆ ಇರುವ ಆಧಾರಗಳು ಯಾವುವು, ಅವುಗಳಲ್ಲಿ ಗಟ್ಟಿಯಾದವು ಎಷ್ಟು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ನಿವೃತ್ತ ಪ್ರಾಧ್ಯಾಪಕ, ಮಣಿಪಾಲ

ಮೇಡಂ, ನಿಮ್ಮ ವಿದ್ಯಾರ್ಥಿಯ ಪ್ರಶ್ನೆ ಬಹಳ ಒಳ್ಳೆಯದು. ಆದರೆ ಪ್ರಭಾವದ ಚರ್ಚೆಗೆ ಹೋಗುವ ಮೊದಲು ಆ ಆಡಳಿತ ಪದ್ಧತಿಯನ್ನೇ ಅರಿತುಕೊಳ್ಳಬೇಕು ಎಂದು ನನ್ನ ಆಗ್ರಹದ ವಿನಂತಿ. ಹೆಚ್ಚಿನ ಬರಹಗಳಲ್ಲಿ ಇರೊಕ್ವಾಯ್ ಜನರು ಅಮೆರಿಕದ ಕಥೆಯ ಮುನ್ನುಡಿಯಾಗಿ ಎರಡು ಸಾಲಿನಲ್ಲಿ ಬಂದು ಮರೆಯಾಗುತ್ತಾರೆ. ಅವರಿಗೆ ಅದರಿಂದ ಅನ್ಯಾಯವಾಗುತ್ತದೆ.

ಅವರು ತಮ್ಮನ್ನು ಹೌಡೆನೊಶೋನಿ ಎಂದು ಕರೆದುಕೊಳ್ಳುತ್ತಾರೆ. ಇಂದಿನ ನ್ಯೂಯಾರ್ಕ್ ರಾಜ್ಯದ ಉದ್ದಕ್ಕೂ ಪೂರ್ವದಿಂದ ಪಶ್ಚಿಮಕ್ಕೆ ಮೊಹಾಕ್, ಒನೈಡಾ, ಒನೊಂಡಾಗ, ಕಯೂಗ ಮತ್ತು ಸೆನೆಕಾ ಎಂಬ ಐದು ರಾಷ್ಟ್ರಗಳು ನೆಲೆಸಿದ್ದವು. 1722ರ ಸುಮಾರಿಗೆ ದಕ್ಷಿಣದಿಂದ ಬಂದ ಟಸ್ಕರೋರಾ ಜನರು ಆರನೆಯವರಾಗಿ ಸೇರಿಕೊಂಡರು. ಪರಸ್ಪರ ಕೊಲೆ ಮತ್ತು ಪ್ರತೀಕಾರದಲ್ಲಿ ಬೇಯುತ್ತಿದ್ದ ಈ ರಾಷ್ಟ್ರಗಳ ನಡುವೆ ಶಾಂತಿದೂತನೊಬ್ಬ ಬಂದು, ಹಯವಾತ ಎಂಬ ನಾಯಕನ ಜೊತೆಗೂಡಿ 'ಶಾಂತಿಯ ಮಹಾನಿಯಮ'ವನ್ನು ಸ್ಥಾಪಿಸಿದನೆಂದು ಅವರ ಪರಂಪರೆ ಹೇಳುತ್ತದೆ. ಆ ಸಂದೇಶವನ್ನು ಮೊದಲು ಒಪ್ಪಿಕೊಂಡವಳು ಜಿಗೊನ್ಸಾಸೆ ಎಂಬ ಮಹಿಳೆ. ಕಡೆಯವರೆಗೂ ವಿರೋಧಿಸಿದವನು ಒನೊಂಡಾಗದ ಟಾಡೊಡಾಹೊ. ಆ ವಿರೋಧಿಯನ್ನು ಹೊರಗಟ್ಟದೆ, ಅವನ ಮನಸ್ಸನ್ನು ತಿದ್ದಿ, ಮಹಾಸಭೆಯ ಅಧ್ಯಕ್ಷಸ್ಥಾನವನ್ನು ಅವನಿಗೇ ಕೊಟ್ಟರು. ಇಂದಿಗೂ ಆ ಸ್ಥಾನದಲ್ಲಿರುವವರ ಬಿರುದು ಟಾಡೊಡಾಹೊ ಎಂದೇ. ಒಕ್ಕೂಟ ಹುಟ್ಟಿದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸೂರ್ಯಗ್ರಹಣದ ಲೆಕ್ಕ ಹಿಡಿದು 1142 ಎನ್ನುವವರೂ ಇದ್ದಾರೆ, ಅದಕ್ಕಿಂತ ಕೆಲವು ಶತಮಾನ ಈಚೆಗೆ ಎನ್ನುವವರೂ ಇದ್ದಾರೆ.

ಮಹಾಸಭೆಯಲ್ಲಿ 50 ನಾಯಕರ ಸ್ಥಾನಗಳು: ಒನೊಂಡಾಗಕ್ಕೆ 14, ಕಯೂಗಕ್ಕೆ 10, ಮೊಹಾಕ್ ಮತ್ತು ಒನೈಡಾಗೆ ತಲಾ 9, ಸೆನೆಕಾಗೆ 8. ಜನಸಂಖ್ಯೆಯಲ್ಲಿ ಸೆನೆಕಾ ಎಲ್ಲರಿಗಿಂತ ದೊಡ್ಡದಾಗಿದ್ದರೂ ಅವರಿಗೆ ಸ್ಥಾನಗಳು ಅತಿ ಕಡಿಮೆ, ಮತ್ತು ಅದರಿಂದ ಅವರಿಗೆ ನಷ್ಟವೇನೂ ಆಗುತ್ತಿರಲಿಲ್ಲ, ಏಕೆಂದರೆ ಅಲ್ಲಿ ತಲೆ ಎಣಿಸಿ ಮತ ಹಾಕುವ ಕ್ರಮವೇ ಇರಲಿಲ್ಲ. ಯಾವುದೇ ವಿಷಯ ಬಂದರೂ ಮೊದಲು 'ಹಿರಿಯ ಸಹೋದರ'ರಾದ ಮೊಹಾಕ್ ಮತ್ತು ಸೆನೆಕಾ ನಾಯಕರು ತಮ್ಮೊಳಗೆ ಚರ್ಚಿಸಿ ಒಂದು ಅಭಿಪ್ರಾಯಕ್ಕೆ ಬರಬೇಕು. ಅನಂತರ ಅದು ಸಭೆಯ ಅಗ್ನಿಯ ಆಚೆ ಬದಿಯಲ್ಲಿ ಕುಳಿತ 'ಕಿರಿಯ ಸಹೋದರ'ರಾದ ಒನೈಡಾ ಮತ್ತು ಕಯೂಗರ ಬಳಿಗೆ ಹೋಗುತ್ತದೆ. ಅವರೂ ಒಪ್ಪಿದರೆ ಅಗ್ನಿಯನ್ನು ಕಾಯುವ ಒನೊಂಡಾಗದವರು ಅದನ್ನು ದೃಢಪಡಿಸುತ್ತಾರೆ. ಅವರಿಗೆ ಆಕ್ಷೇಪವಿದ್ದರೆ ವಿಷಯ ಮತ್ತೆ ಮೊದಲಿನಿಂದ ಚರ್ಚೆಗೆ ಹಿಂದಿರುಗುತ್ತದೆ. ಎಲ್ಲರ ಮನಸ್ಸು ಒಂದಾಗುವವರೆಗೆ ತೀರ್ಮಾನವಿಲ್ಲ. ಒಕ್ಕೂಟದ ವಿಷಯ ಇಲ್ಲಿ, ಆಯಾ ರಾಷ್ಟ್ರದ ಒಳವಿಷಯ ಆಯಾ ರಾಷ್ಟ್ರದ ಸಭೆಯಲ್ಲಿ ಎಂಬ ವಿಭಜನೆಯೂ ಸ್ಪಷ್ಟವಾಗಿತ್ತು.

ನನ್ನನ್ನು ಎಂದಿಗೂ ಬೆರಗುಗೊಳಿಸುವ ಸಂಗತಿ ಇನ್ನು ಮುಂದಿನದು. ಈ 50 ಮಂದಿ ಗಂಡಸರು, ಆದರೆ ಅವರನ್ನು ಹೆಸರಿಸುವ ಹಕ್ಕು ಕುಲಮಾತೆಯರದು. ಕುಲ ತಾಯಿಯ ಕಡೆಯಿಂದ ಬರುತ್ತದೆ, ನಾಯಕನ ಬಿರುದು ಆ ಕುಲದ ಹೆಂಗಸರ ಸ್ವತ್ತು. ನಾಯಕನಾದವನಿಗೆ ಅಧಿಕಾರದ ಗುರುತಾಗಿ ಜಿಂಕೆಯ ಕೊಂಬು ತೊಡಿಸುತ್ತಾರೆ. ಟೀಕೆಯನ್ನೂ ಸಿಟ್ಟಿನ ಮಾತನ್ನೂ ತಾಳಿಕೊಳ್ಳಲು ಅವನ ಚರ್ಮ ಏಳು ಗೇಣು ದಪ್ಪವಿರಬೇಕು ಎಂದು ಮಹಾನಿಯಮ ಹೇಳುತ್ತದೆ. ಅವನು ಜನಹಿತವನ್ನು ಮರೆತು ನಡೆದರೆ ಅವನಿಗೆ ಮೂರು ಬಾರಿ ಎಚ್ಚರಿಕೆ ಹೋಗುತ್ತದೆ, ಅದನ್ನು ಆರಂಭಿಸುವವರು ಹೆಂಗಸರೇ. ಮೂರನೆಯದಕ್ಕೂ ತಿದ್ದಿಕೊಳ್ಳದಿದ್ದರೆ ಕೊಂಬನ್ನು ತೆಗೆಯಲಾಗುತ್ತದೆ, ಅವನು ಮತ್ತೆ ಸಾಮಾನ್ಯ ಮನುಷ್ಯ.

ಉತ್ತರ: ಇತಿಹಾಸ ಸಂಶೋಧನಾ ವಿದ್ಯಾರ್ಥಿ, ಉಡುಪಿ

ಪ್ರಾಧ್ಯಾಪಕರು ವ್ಯವಸ್ಥೆಯನ್ನು ವಿವರಿಸಿದ್ದಾರೆ, ಆದ್ದರಿಂದ ನಾನು ಪ್ರಭಾವದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಗಟ್ಟಿಯಾದ ಆಧಾರಗಳು 1744ರಿಂದ ಆರಂಭವಾಗುತ್ತವೆ. ಆ ವರ್ಷ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ನಡೆದ ಒಪ್ಪಂದದ ಸಭೆಯಲ್ಲಿ ಒನೊಂಡಾಗದ ವಾಗ್ಮಿ ಕನಸಟೀಗೊ ಬ್ರಿಟಿಷ್ ವಸಾಹತುಗಳ ಪ್ರತಿನಿಧಿಗಳನ್ನು ಉದ್ದೇಶಿಸಿ, ನಮ್ಮ ಪೂರ್ವಜರು ಐದು ರಾಷ್ಟ್ರಗಳ ನಡುವೆ ಐಕ್ಯವನ್ನು ಕಟ್ಟಿದ್ದರಿಂದಲೇ ನಾವು ಬಲಶಾಲಿಗಳಾದೆವು, ನೀವೂ ಅದೇ ದಾರಿಯನ್ನು ಹಿಡಿಯಿರಿ ಎಂಬ ಅರ್ಥದ ಬುದ್ಧಿಮಾತು ಹೇಳಿದ. ಆ ಸಭೆಯ ನಡಾವಳಿಯನ್ನು ಫಿಲಡೆಲ್ಫಿಯಾದಲ್ಲಿ ಅಚ್ಚು ಹಾಕಿದವನು ಮುಂದೆ ಅಮೆರಿಕದ ಸ್ಥಾಪಕರಲ್ಲಿ ಒಬ್ಬನಾದ ಬೆಂಜಮಿನ್ ಫ್ರಾಂಕ್ಲಿನ್. ಅಂದರೆ ಆ ಮಾತುಗಳು ಅವನ ಮುದ್ರಣಾಲಯದಲ್ಲಿಯೇ ಮೊಳೆ ಮೊಳೆಯಾಗಿ ಜೋಡಣೆಗೊಂಡವು. 1751ರಲ್ಲಿ ಅವನು ಬರೆದ ಪತ್ರವೊಂದರಲ್ಲಿ, ಆರು ರಾಷ್ಟ್ರಗಳ 'ಅಜ್ಞಾನಿ ಕಾಡುಜನರು' ಇಂಥ ಒಕ್ಕೂಟವನ್ನು ರೂಪಿಸಿ ತಲೆತಲಾಂತರದಿಂದ ಉಳಿಸಿಕೊಂಡು ಬಂದಿರುವಾಗ ಹತ್ತು ಹನ್ನೆರಡು ಇಂಗ್ಲಿಷ್ ವಸಾಹತುಗಳಿಗೆ ಅದು ಸಾಧ್ಯವಾಗದಿದ್ದರೆ ವಿಚಿತ್ರವಲ್ಲವೇ ಎಂದು ಕೇಳುತ್ತಾನೆ. ಈ ವಾಕ್ಯವನ್ನು ಪ್ರಭಾವಕ್ಕೆ ಸಾಕ್ಷಿಯೆಂದು ಎಲ್ಲರೂ ಉದ್ಧರಿಸುತ್ತಾರೆ. ಅದರೊಳಗಿನ ತಿರಸ್ಕಾರವನ್ನೂ ವಿದ್ಯಾರ್ಥಿಗಳಿಗೆ ತೋರಿಸಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಮೆಚ್ಚುಗೆಯೂ ಅವಹೇಳನವೂ ಅಲ್ಲಿ ಒಂದೇ ಉಸಿರಿನಲ್ಲಿವೆ.

1754ರಲ್ಲಿ ಆಲ್ಬನಿಯಲ್ಲಿ ಏಳು ವಸಾಹತುಗಳ ಪ್ರತಿನಿಧಿಗಳು ಸೇರಿದಾಗ ಇರೊಕ್ವಾಯ್ ನಾಯಕರೂ ಬಂದಿದ್ದರು. ಅಲ್ಲಿ ಫ್ರಾಂಕ್ಲಿನ್ ಮುಂದಿಟ್ಟ ಐಕ್ಯದ ಯೋಜನೆಯಲ್ಲಿ 48 ಸದಸ್ಯರ ಮಹಾಸಭೆ ಇತ್ತು. ಆದರೆ ಅದರ ಮೇಲೆ ಬ್ರಿಟಿಷ್ ದೊರೆ ನೇಮಿಸುವ ಅಧ್ಯಕ್ಷನೂ ಇದ್ದ, ಸ್ಥಾನಗಳ ಹಂಚಿಕೆಗೆ ವಸಾಹತುಗಳು ಕೊಡುವ ತೆರಿಗೆಯ ಲೆಕ್ಕವೂ ಇತ್ತು. ಇವೆರಡೂ ಇರೊಕ್ವಾಯ್ ಪದ್ಧತಿಗೆ ಹೊರಗಿನವು. ಆ ಯೋಜನೆಯನ್ನು ವಸಾಹತುಗಳ ಶಾಸನಸಭೆಗಳು ಒಪ್ಪಲಿಲ್ಲ.

ಸಂವಿಧಾನ ರಚನೆಯಾದ 1787ಕ್ಕೆ ಬಂದಾಗ ಆಧಾರ ತೆಳುವಾಗುತ್ತದೆ. ಮುಂದೆ ಅಮೆರಿಕದ ಎರಡನೆಯ ಅಧ್ಯಕ್ಷನಾದ ಜಾನ್ ಆಡಮ್ಸ್ ಆ ವರ್ಷದ ತನ್ನ ಗ್ರಂಥದಲ್ಲಿ ಮೂಲನಿವಾಸಿಗಳ ಸರ್ಕಾರಗಳ ಅಧ್ಯಯನ ಉಪಯುಕ್ತ ಎಂದಿದ್ದಾನೆ. ಆದರೆ ಹೊಸ ಸಂವಿಧಾನವನ್ನು ಸಮರ್ಥಿಸಿ ಬರೆದ ಫೆಡರಲಿಸ್ಟ್ ಪ್ರಬಂಧಗಳಲ್ಲಿ ಹಿಂದಿನ ಒಕ್ಕೂಟಗಳನ್ನು ಒಂದೊಂದಾಗಿ ಪರೀಕ್ಷಿಸುವ 18, 19 ಮತ್ತು 20ನೆಯ ಪ್ರಬಂಧಗಳನ್ನು ತೆರೆದು ನೋಡಿ: ಪ್ರಾಚೀನ ಗ್ರೀಕ್ ಒಕ್ಕೂಟಗಳಿವೆ, ಜರ್ಮನಿ, ಪೋಲೆಂಡ್, ಸ್ವಿಟ್ಜರ್ಲೆಂಡ್, ನೆದರ್ಲೆಂಡ್ಸ್ ಇವೆ, ಇರೊಕ್ವಾಯ್ ಇಲ್ಲ. ಹಿರಿಯ ಮತ್ತು ಕಿರಿಯ ಸಹೋದರರ ಎರಡು ಬದಿಗಳೇ ಸೆನೆಟ್ ಮತ್ತು ಪ್ರತಿನಿಧಿಸಭೆಗೆ ಮೂಲ ಎನ್ನುವ ವಾದವೂ ನಿಲ್ಲುವುದಿಲ್ಲ, ಏಕೆಂದರೆ ಎರಡು ಸದನಗಳ ಪದ್ಧತಿ ಬ್ರಿಟನ್ನಿನಲ್ಲಿಯೂ ಅನೇಕ ವಸಾಹತುಗಳಲ್ಲಿಯೂ ಮೊದಲೇ ಇತ್ತು. ಅಮೆರಿಕದ ರಾಷ್ಟ್ರಮುದ್ರೆಯಲ್ಲಿ ಹದ್ದು ಹಿಡಿದಿರುವ 13 ಬಾಣಗಳ ಬಗ್ಗೆಯೂ ಎಚ್ಚರ ಬೇಕು. ಬಾಣಗಳ ಕಟ್ಟು ಮಹಾನಿಯಮದಲ್ಲಿ ಇದೆ ನಿಜ, ಡಚ್ ಗಣರಾಜ್ಯದ ಲಾಂಛನದಲ್ಲಿಯೂ ಇತ್ತು.

1980ರ ದಶಕದಲ್ಲಿ ವಿದ್ವಾಂಸರಾದ ಬ್ರೂಸ್ ಜೊಹಾನ್ಸೆನ್ ಮತ್ತು ಡೊನಾಲ್ಡ್ ಗ್ರಿಂಡ್ ಪ್ರಭಾವದ ಪರವಾಗಿ ಬರೆದರು, ಎಲಿಸಬೆತ್ ಟೂಕರ್ ಅದನ್ನು ಕಟುವಾಗಿ ಪ್ರಶ್ನಿಸಿದರು. 1988ರಲ್ಲಿ ಅಮೆರಿಕದ ಸಂಸತ್ತು ಇರೊಕ್ವಾಯ್ ಒಕ್ಕೂಟದ ಕೊಡುಗೆಯನ್ನು ಗೌರವಿಸಿ ನಿರ್ಣಯ ಅಂಗೀಕರಿಸಿತು. ಆ ಗೌರವ ಸಲ್ಲಬೇಕಾದದ್ದೇ, ಆದರೆ ಇತಿಹಾಸದ ವಿವಾದ ಬಹುಮತದ ನಿರ್ಣಯದಿಂದ ಬಗೆಹರಿಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ, ಸ್ವಂತ ಅಧಿಕಾರ ಉಳಿಸಿಕೊಂಡೂ ಹಲವು ರಾಷ್ಟ್ರಗಳು ಒಂದಾಗಿ ಬಾಳಬಹುದು ಎಂಬುದಕ್ಕೆ ವಸಾಹತುಗಳ ಕಣ್ಣೆದುರೇ ಇದ್ದ ಜೀವಂತ ನಿದರ್ಶನ ಇರೊಕ್ವಾಯ್ ಒಕ್ಕೂಟ. 1787ರ ಸಂವಿಧಾನದ ರಚನೆ ಮಾತ್ರ ಬೇರೆ ಮೂಲಗಳಿಂದ ಬಂದದ್ದು.

ಉತ್ತರ: ವಕೀಲ, ಬೆಂದೂರುವೆಲ್

ಇಬ್ಬರ ಬರಹಗಳನ್ನೂ ಆಸಕ್ತಿಯಿಂದ ಓದಿದೆ. ತುಳುನಾಡಿನ ವಿದ್ಯಾರ್ಥಿಗಳು ಕುಲಮಾತೆಯರ ವಿಷಯ ಕೇಳಿದೊಡನೆ, ಇದು ನಮ್ಮ ಅಳಿಯಸಂತಾನ ಕಟ್ಟಿನ (ತಾಯಿಯ ಕಡೆಯಿಂದ ಉತ್ತರಾಧಿಕಾರ ಸಾಗುವ ಪದ್ಧತಿಯ) ಹಾಗೆಯೇ ಇದೆಯಲ್ಲ ಎಂದು ಹೇಳುತ್ತಾರೆ. ಹೋಲಿಕೆ ಇದೆ: ನಮ್ಮಲ್ಲಿಯೂ ಬರಿ, ಅಂದರೆ ಕುಲ, ತಾಯಿಯಿಂದ ಬರುತ್ತದೆ, ಒಂದೇ ಬರಿಯವರ ನಡುವೆ ಮದುವೆ ಸಲ್ಲದು, ಕುಟುಂಬದ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಸಾಗುತ್ತಿತ್ತು. ಕಾನೂನಿನ ಪ್ರಕಾರ ಹಿರಿಯರಾದ ಗಂಡಸು ಯಜಮಾನನಾಗುವಂತೆ ಹೆಂಗಸು ಯಜಮಾನ್ತಿಯೂ ಆಗಬಹುದಿತ್ತು. ಆದರೆ ವಂಶ ತಾಯಿಯ ಕಡೆಯಿಂದ ಎಣಿಕೆಯಾಗುವುದು ಬೇರೆ, ಊರಿನ ಅಧಿಕಾರಸ್ಥನನ್ನು ಆರಿಸುವ ಮತ್ತು ಇಳಿಸುವ ಹಕ್ಕು ತಾಯಂದಿರ ಕೈಯಲ್ಲಿರುವುದು ಬೇರೆ. ಗುತ್ತಿನ (ಊರಿನ ಪ್ರಮುಖ ಮನೆತನದ) ಗಡಿ, ಅಂದರೆ ಮುಖ್ಯಸ್ಥನ ಪಟ್ಟ, ಹಿಡಿಯುವವರು ಸಾಮಾನ್ಯವಾಗಿ ಗಂಡಸರೇ, ಮತ್ತು ಅವರಿಗೆ ಮೂರು ಸಲ ಎಚ್ಚರಿಕೆ ಕೊಟ್ಟು ಕೆಳಗಿಳಿಸುವ ಸ್ಥಾನ ಹೆಂಗಸರಿಗೆ ನಮ್ಮ ಕಟ್ಟುಕಟ್ಟಳೆಯಲ್ಲಿ ಇರಲಿಲ್ಲ. ದುರಾಡಳಿತ ಮಾಡಿದ ಯಜಮಾನನನ್ನು ತೆಗೆಸಬೇಕಾದರೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕವರುಗಳಿಗೆ (ಕುಟುಂಬದೊಳಗಿನ ತಾಯಿಯ ಕಡೆಯ ಕವಲುಗಳಿಗೆ) ಪಾಲು ಕೇಳುವ ಹಕ್ಕು ಕೊಟ್ಟ ಮೇಲೆ ಕುಟುಂಬಗಳು ಒಡೆದು, ಆ ವ್ಯಾಜ್ಯಗಳ ಸ್ವರೂಪವೇ ಬದಲಾಯಿತು. ಮೇಡಂ, ಸಂಕಿರಣದಲ್ಲಿ ಈ ಹೋಲಿಕೆ ಬಂದರೆ ತಡೆಯಬೇಡಿ, ಆದರೆ ವ್ಯತ್ಯಾಸವನ್ನು ವಿದ್ಯಾರ್ಥಿಗಳೇ ಗುರುತಿಸುವಂತೆ ಮಾಡಿ.

ಪ್ರಶ್ನೆ ಕೇಳಿದವರಿಂದ: ಬಿಜೈಯ ಅಧ್ಯಾಪಕಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಇದನ್ನೆಲ್ಲ ಓದಿದ ಮೇಲೆ ಸಂಕಿರಣದ ಶೀರ್ಷಿಕೆಯನ್ನೇ ಬದಲಾಯಿಸುತ್ತಿದ್ದೇನೆ. ಅಮೆರಿಕ ಏನನ್ನು ಪಡೆಯಿತು ಎಂಬುದರ ಜೊತೆಗೆ ಏನನ್ನು ಬಿಟ್ಟಿತು ಎಂಬುದೂ ಇರಲಿ. ಮಣಿಪಾಲದ ಸರ್ ಅವರಲ್ಲಿ ಇನ್ನೊಂದು ಪ್ರಶ್ನೆ: ಅಮೆರಿಕದ ಸ್ವಾತಂತ್ರ್ಯ ಸಮರದ ಅನಂತರ ಇರೊಕ್ವಾಯ್ ಒಕ್ಕೂಟಕ್ಕೆ ಏನಾಯಿತು, ಮಹಾಸಭೆ ಈಗಲೂ ಸೇರುತ್ತದೆಯೇ?

ಉತ್ತರ: ನಿವೃತ್ತ ಪ್ರಾಧ್ಯಾಪಕ, ಮಣಿಪಾಲ

ಹೊಸ ಶೀರ್ಷಿಕೆ ಸರಿಯಾಗಿದೆ. ಬಿಟ್ಟದ್ದರಲ್ಲಿ ಮೊದಲನೆಯದು ಹೆಂಗಸರ ಅಧಿಕಾರ. ಅಮೆರಿಕದ ಮಹಿಳೆಯರಿಗೆ ರಾಷ್ಟ್ರಮಟ್ಟದಲ್ಲಿ ಮತದ ಹಕ್ಕು ಖಚಿತವಾದದ್ದು 1920ರ ತಿದ್ದುಪಡಿಯಿಂದ, ಮತ್ತು ಅದಕ್ಕಾಗಿ ಹೋರಾಡಿದ ಮಟಿಲ್ಡಾ ಜಾಸ್ಲಿನ್ ಗೇಜ್ ತನ್ನ ನೆರೆಯ ಇರೊಕ್ವಾಯ್ ಹೆಂಗಸರ ಸ್ಥಾನಮಾನವನ್ನು ಕಂಡು ಅದನ್ನು ಬರೆದು ಪ್ರಚಾರ ಮಾಡಿದವಳು. ಆದ್ದರಿಂದ ಪ್ರಭಾವವನ್ನು ಹುಡುಕುವವರು 1787ರಲ್ಲಿಯೇ ನಿಲ್ಲದೆ ಮಹಿಳಾ ಹಕ್ಕುಗಳ ಚಳವಳಿಯವರೆಗೂ ಬರಬೇಕು.

ಸಮರದ ಕಥೆ ದುಃಖಕರವಾದದ್ದು. ಯಾರ ಪಕ್ಷ ಹಿಡಿಯಬೇಕೆಂಬುದರಲ್ಲಿ ಆರು ರಾಷ್ಟ್ರಗಳ ಮನಸ್ಸು ಒಂದಾಗಲಿಲ್ಲ. ಒನೈಡಾ ಮತ್ತು ಟಸ್ಕರೋರಾದ ಹೆಚ್ಚಿನವರು ಅಮೆರಿಕನ್ನರ ಜೊತೆ ನಿಂತರು, ಉಳಿದವರಲ್ಲಿ ಬಹುಪಾಲು ಬ್ರಿಟಿಷರ ಜೊತೆ ಹೋದರು. 1777ರಲ್ಲಿ ಒನೊಂಡಾಗದ ಸಭಾಗ್ನಿಯನ್ನು ಮುಚ್ಚಲಾಯಿತು. 1779ರಲ್ಲಿ ವಾಷಿಂಗ್ಟನ್ನನ ಆದೇಶದಂತೆ ಜನರಲ್ ಸಲಿವನ್‌ನ ಸೈನ್ಯ ಸುಮಾರು 40 ಊರುಗಳನ್ನು ಸುಟ್ಟು, ಮೆಕ್ಕೆಜೋಳದ ಹೊಲಗಳನ್ನೂ ಹಣ್ಣಿನ ತೋಟಗಳನ್ನೂ ಕಡಿದುಹಾಕಿತು. ಐಕ್ಯದ ಪಾಠ ಹೇಳಿಕೊಟ್ಟವರ ಊರುಗಳೇ ಅವು ಎಂಬುದನ್ನು ನಿಮ್ಮ ವಿದ್ಯಾರ್ಥಿಗಳಿಗೆ ಹೇಳದೆ ಬಿಡಬೇಡಿ. ಅನೇಕರು ಜೋಸೆಫ್ ಬ್ರಾಂಟ್ ಎಂಬ ಮೊಹಾಕ್ ನಾಯಕನೊಂದಿಗೆ ಇಂದಿನ ಕೆನಡಾದ ಗ್ರ್ಯಾಂಡ್ ನದಿಯ ದಂಡೆಗೆ ಹೋಗಿ ನೆಲೆಸಿದರು. ಅಲ್ಲಿಯೂ 1924ರಲ್ಲಿ ಕೆನಡಾ ಸರ್ಕಾರ ಪಾರಂಪರಿಕ ನಾಯಕರ ಸಭೆಯನ್ನು ಬದಿಗೆ ಸರಿಸಿ ಚುನಾಯಿತ ಮಂಡಳಿಯನ್ನು ಹೇರಿತು. ಪ್ರಜಾಪ್ರಭುತ್ವದ ಹೆಸರಿನಲ್ಲಿ ಮಾಡಿದ ಆ ಕ್ರಮದಿಂದ ಕುಲಮಾತೆಯರ ಆಯ್ಕೆಯ ಹಕ್ಕನ್ನು ಸರ್ಕಾರ ಮಾನ್ಯ ಮಾಡುವುದು ನಿಂತುಹೋಯಿತು.

ಆದರೂ ಮಹಾಸಭೆ ಅಳಿದಿಲ್ಲ. ಸಿರಾಕ್ಯೂಸ್ ನಗರದ ದಕ್ಷಿಣಕ್ಕಿರುವ ಒನೊಂಡಾಗ ನೆಲದಲ್ಲಿ ಅದು ಈಗಲೂ ಸೇರುತ್ತದೆ, ಕುಲಮಾತೆಯರು ಈಗಲೂ ನಾಯಕರನ್ನು ಹೆಸರಿಸುತ್ತಾರೆ. 1794ರಲ್ಲಿ ಕನಂಡೇಗುವಾದಲ್ಲಿ ಅಮೆರಿಕ ಸರ್ಕಾರ ಆರು ರಾಷ್ಟ್ರಗಳೊಂದಿಗೆ ಮಾಡಿಕೊಂಡ ಒಪ್ಪಂದದಂತೆ ಪ್ರತಿ ವರ್ಷ ಕೊಡಬೇಕಾದ ಬಟ್ಟೆಯನ್ನು ಅಮೆರಿಕ ಇಂದಿಗೂ ಕೊಡುತ್ತಿದೆ. ಮೊತ್ತ ಸಣ್ಣದು, ಆದರೆ ಆ ಒಪ್ಪಂದ ಇನ್ನೂ ಜೀವಂತವಾಗಿದೆ, ತಾವು ಅಮೆರಿಕದೊಂದಿಗೆ ಸಮಾನವಾಗಿ ಕುಳಿತು ಸಹಿ ಹಾಕಿದ ರಾಷ್ಟ್ರಗಳು ಎಂದು ಅವರು ವಾದಿಸುವುದು ಅದರ ಬಲದ ಮೇಲೆಯೇ. ಸಂಕಿರಣದ ಒಂದು ಗೋಷ್ಠಿಯನ್ನು ಈ ಒಪ್ಪಂದಕ್ಕೆಂದೇ ಇಟ್ಟರೆ ಒಳ್ಳೆಯದು. ಅದರ ಪಠ್ಯ ಚಿಕ್ಕದು, ಏಳೇ ವಿಧಿಗಳು, ವಿದ್ಯಾರ್ಥಿಗಳು ಒಂದೇ ತರಗತಿಯಲ್ಲಿ ಓದಿ ಚರ್ಚಿಸಬಹುದು.